ಎಳೆಯ ಮಕ್ಕಳಲ್ಲಿ ಅಲ್ಪ ಪ್ರಮಾಣದ ಸಮೀಪದೃಷ್ಟಿ: ಕನ್ನಡಕದ ಅಗತ್ಯವನ್ನು ನಿರ್ಧರಿಸುವ ಬಗೆ

ಪೀಠಿಕೆ

ಶಾಲೆಯಲ್ಲಿ ನಡೆದ ಕಣ್ಣಿನ ತಪಾಸಣೆಯ ನಂತರ, ಅಥವಾ ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ಪರೀಕ್ಷೆ ಮಾಡಿಸಿದ ನಂತರ, ಮಗುವಿಗೆ ಮೈನಸ್ ಅರ್ಧ ಅಥವಾ ಮೈನಸ್ ಒಂದು ನಂಬರ್ ಇದೆ ಎಂದು ಬರೆದ ಚೀಟಿ ಹಿಡಿದು ಪೋಷಕರು ಆಸ್ಪತ್ರೆಯ ನೇತ್ರ ವಿಭಾಗಕ್ಕೆ ಬರುವುದು ಸಾಮಾನ್ಯವಾಗಿದೆ. ಅವರಲ್ಲಿ ಕೆಲವರಿಗೆ ಅದೇ ದಿನ ಕನ್ನಡಕ ದೊರೆಯಬೇಕು. ಇನ್ನು ಕೆಲವರಿಗೆ ಹೇಗಾದರೂ ಮಾಡಿ ಕನ್ನಡಕವನ್ನು ತಪ್ಪಿಸಬೇಕು. ಈ ಎರಡೂ ಆತುರದ ನಿಲುವುಗಳೇ ಆಗಿವೆ. ಅಲ್ಪ ಪ್ರಮಾಣದ ಸಮೀಪದೃಷ್ಟಿ ಇರುವ ಎಲ್ಲ ಮಕ್ಕಳಿಗೂ ಕನ್ನಡಕ ಬೇಕಾಗುವುದಿಲ್ಲ. ಆದರೆ ಬೇಕಾದ ಮಗುವಿಗೆ ಅದನ್ನು ನಿರಾಕರಿಸಿದಲ್ಲಿ ಕಲಿಕೆಗೂ ಕೆಲವೊಮ್ಮೆ ದೃಷ್ಟಿಗೂ ಹಾನಿಯುಂಟಾಗುತ್ತದೆ.

ಸುಮಾರು 3ರಿಂದ 8 ವರ್ಷ ವಯಸ್ಸಿನ ಮಕ್ಕಳಲ್ಲಿ, ಮೈನಸ್ 0.50ರಿಂದ ಮೈನಸ್ 2.00 ಡಯಾಪ್ಟರ್‌ವರೆಗಿನ ದೋಷ ಕಂಡುಬಂದಾಗ ನೇತ್ರ ತಜ್ಞರು ಯಾವ ಅಂಶಗಳನ್ನು ಪರಿಗಣಿಸುತ್ತಾರೆ, ಪೋಷಕರು ಏನನ್ನು ಗಮನಿಸಬೇಕು, ಉಚಿತ ತಪಾಸಣೆ ಹಾಗೂ ಕನ್ನಡಕಕ್ಕಾಗಿ ಎಲ್ಲಿ ವಿಚಾರಿಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ. ಈ ಮಾಹಿತಿಯು ವೈದ್ಯರ ಪರೀಕ್ಷೆಗೆ ಬದಲಿಯಲ್ಲ.

ಸಮೀಪದೃಷ್ಟಿ ಎಂದರೇನು

ಹೆಸರಿನಿಂದಲೇ ಅನೇಕರಿಗೆ ಗೊಂದಲವಾಗುತ್ತದೆ. ಸಮೀಪದೃಷ್ಟಿ ಎಂದರೆ ಸಮೀಪದ ನೋಟದಲ್ಲಿ ದೋಷವೆಂದಲ್ಲ; ಸಮೀಪದ ವಸ್ತುಗಳು ಸ್ಪಷ್ಟವಾಗಿ ಕಂಡು, ದೂರದ ವಸ್ತುಗಳು ಮಸುಕಾಗಿ ಕಾಣುವ ಸ್ಥಿತಿ ಎಂದರ್ಥ.

ನವಜಾತ ಶಿಶುವಿನ ಕಣ್ಣುಗುಡ್ಡೆಯ ಉದ್ದ, ಮುಂಭಾಗದಿಂದ ಹಿಂಭಾಗಕ್ಕೆ ಅಳೆದಾಗ, ಸುಮಾರು 17 ಮಿ.ಮೀ. ಇರುತ್ತದೆ. ಬೆಳೆದವರಲ್ಲಿ ಅದು ಸುಮಾರು 24 ಮಿ.ಮೀ. ಆಗುತ್ತದೆ. ಆದ್ದರಿಂದ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರ ಕಣ್ಣು ಪ್ಲಸ್ ಕಡೆಗೆ ಇರುತ್ತದೆ. ಕಣ್ಣು ಬೆಳೆದಂತೆ ಆ ಪ್ಲಸ್ ಕ್ರಮೇಣ ಇಳಿದು ಸೊನ್ನೆಯ ಸಮೀಪಕ್ಕೆ ಬರುತ್ತದೆ. ಬೆಳವಣಿಗೆ ಅಲ್ಲಿಗೆ ನಿಲ್ಲದೆ ಕಣ್ಣುಗುಡ್ಡೆ ಮತ್ತೂ ಉದ್ದವಾದರೆ, ಬೆಳಕಿನ ಕಿರಣಗಳು ಅಕ್ಷಿಪಟಲದ ಮೇಲೆ ಕೂಡುವ ಬದಲು ಅದರ ಮುಂದೆಯೇ ಕೂಡುತ್ತವೆ. ಇದೇ ಸಮೀಪದೃಷ್ಟಿ. ಒಂದು ಮಿಲಿಮೀಟರ್‌ನಷ್ಟು ಹೆಚ್ಚುವರಿ ಉದ್ದವು ಸುಮಾರು ಎರಡೂವರೆಯಿಂದ ಮೂರು ಡಯಾಪ್ಟರ್‌ನಷ್ಟು ಮೈನಸ್ ದೋಷವನ್ನು ಉಂಟುಮಾಡುತ್ತದೆ. ಉದ್ದವಾದ ಕಣ್ಣು ಮರಳಿ ಗಿಡ್ಡವಾಗುವುದಿಲ್ಲ. ಹನಿಮದ್ದು, ವ್ಯಾಯಾಮ ಅಥವಾ ಆಹಾರದಿಂದ ನಂಬರ್ ಇಳಿಸುತ್ತೇವೆಂಬ ಜಾಹೀರಾತುಗಳನ್ನು ನೋಡುವಾಗ ಪೋಷಕರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ದೆಹಲಿಯ 5ರಿಂದ 15 ವರ್ಷದ ಶಾಲಾ ಮಕ್ಕಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇಕಡ 13.1ರಷ್ಟು ಮಕ್ಕಳಲ್ಲಿ ಈ ದೋಷ ಕಂಡುಬಂದಿತ್ತು. ಆದುದರಿಂದ ಒಂದು ಮಗುವಿನಲ್ಲಿ ಅಲ್ಪ ಸಮೀಪದೃಷ್ಟಿ ಪತ್ತೆಯಾಗುವುದು ಅಪರೂಪದ ಸಂಗತಿಯೇನಲ್ಲ.

ನಂಬರ್ ಮತ್ತು ಮಗುವಿನ ಜಗತ್ತು

ಚೀಟಿಯಲ್ಲಿ ಬರೆದ ಸಂಖ್ಯೆಯನ್ನು ದೂರಕ್ಕೆ ಪರಿವರ್ತಿಸಿ ನೋಡುವುದು ಸುಲಭ. ಒಂದನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಮಗುವಿಗೆ ಸ್ಪಷ್ಟವಾಗಿ ಕಾಣುವ ಅತ್ಯಂತ ದೂರದ ಬಿಂದು ಮೀಟರ್‌ಗಳಲ್ಲಿ ದೊರೆಯುತ್ತದೆ. ಮೈನಸ್ 0.50 ಇದ್ದಲ್ಲಿ 2 ಮೀಟರ್‌ವರೆಗೆ, ಮೈನಸ್ 1.00 ಇದ್ದಲ್ಲಿ 1 ಮೀಟರ್‌ವರೆಗೆ, ಮೈನಸ್ 2.00 ಇದ್ದಲ್ಲಿ 50 ಸೆಂ.ಮೀ.ವರೆಗೆ ನೋಟ ಸ್ಪಷ್ಟವಾಗಿರುತ್ತದೆ. ಅದರಾಚೆ ಎಲ್ಲವೂ ಒಮ್ಮೆಗೇ ಕತ್ತಲಾಗುವುದಿಲ್ಲ. ದೂರ ಹೆಚ್ಚಿದಂತೆ ಅಂಚುಗಳು ಕದಡುತ್ತಾ ಹೋಗುತ್ತವೆ.

ಈಗ ಮಗುವಿನ ವಯಸ್ಸನ್ನು ಇದರ ಪಕ್ಕದಲ್ಲಿರಿಸಿ ನೋಡಬೇಕು. ಮೂರು ವರ್ಷದ ಮಗುವಿನ ಜಗತ್ತು ಬಹುಮಟ್ಟಿಗೆ ಅದರ ಕೈಗೆ ಎಟಕುವಷ್ಟು ಅಂತರದಲ್ಲೇ ಇರುತ್ತದೆ: ತಟ್ಟೆ, ಆಟಿಕೆ, ಚಿತ್ರದ ಪುಸ್ತಕ, ತಾಯಿಯ ಮುಖ. ಮೈನಸ್ 1.00 ಇರುವ ಅಂತಹ ಮಗುವಿಗೆ ತನಗೆ ಬೇಕಾದುದೆಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ. ಎರಡನೆಯ ತರಗತಿಯ ಮಗುವಿನ ವಿಷಯ ಹಾಗಲ್ಲ. ಕಪ್ಪುಹಲಗೆ ಮೂರರಿಂದ ಆರು ಮೀಟರ್ ದೂರದಲ್ಲಿರುತ್ತದೆ; ಅದರ ಮೇಲಿನ ಒತ್ತಕ್ಷರ, ಕೊಂಬು, ದೀರ್ಘ ಇವುಗಳ ವ್ಯತ್ಯಾಸ ಕಾಣದಿದ್ದಲ್ಲಿ ಮಗು ತಪ್ಪು ಬರೆಯುತ್ತದೆ, ಇಲ್ಲವೇ ಪಕ್ಕದವರ ಪುಸ್ತಕ ನೋಡಿ ನಕಲು ಮಾಡುತ್ತದೆ. ಒಂದೇ ಮೈನಸ್ 1.00 ಒಂದು ಮಗುವಿಗೆ ಲೆಕ್ಕಕ್ಕಿಲ್ಲದ ದೋಷ, ಇನ್ನೊಂದಕ್ಕೆ ಕಲಿಕೆಯ ತೊಡಕು.

ಇಷ್ಟಲ್ಲದೆ, ಎರಡೂ ಕಣ್ಣುಗಳಲ್ಲಿ ಸಮನಾಗಿರುವ ಅಲ್ಪ ಸಮೀಪದೃಷ್ಟಿಯಿಂದ ಸಾಮಾನ್ಯವಾಗಿ ಸೋಮಾರಿ ಕಣ್ಣು ಉಂಟಾಗುವುದಿಲ್ಲ. ಹತ್ತಿರದ ವಸ್ತುಗಳ ಸ್ಪಷ್ಟ ಬಿಂಬ ಎರಡೂ ಕಣ್ಣುಗಳಿಂದ ಮಿದುಳಿಗೆ ತಲುಪುತ್ತಲೇ ಇರುವುದು ಇದಕ್ಕೆ ಕಾರಣ. ಕಾಯಲು ಅವಕಾಶವಿದೆ ಎಂದು ವೈದ್ಯರು ಹೇಳುವುದು ಈ ಆಧಾರದ ಮೇಲೆಯೇ ಹೊರತು ಉದಾಸೀನದಿಂದಲ್ಲ.

ಪಾಪೆ ಹಿಗ್ಗಿಸಿ ಮಾಡುವ ಪರೀಕ್ಷೆ

ಎಳೆಯ ಮಕ್ಕಳ ವಿಷಯದಲ್ಲಿ ಅತಿ ಹೆಚ್ಚು ತಪ್ಪುಗಳು ನಡೆಯುವುದು ಈ ಹಂತದಲ್ಲಿ. ಮಕ್ಕಳ ಕಣ್ಣಿನ ಮಸೂರಕ್ಕೆ ಹೊಂದಿಕೊಳ್ಳುವ ಶಕ್ತಿ ಅಧಿಕ. ಯಂತ್ರದೊಳಗಿನ ಚಿತ್ರವನ್ನು ನೋಡುವಾಗ ಮಗು ಅರಿವಿಲ್ಲದೆ ಹತ್ತಿರದ ನೋಟಕ್ಕೆ ಹೊಂದಿಸಿಕೊಂಡರೆ, ಇಲ್ಲದ ಮೈನಸ್ ಯಂತ್ರದಲ್ಲಿ ದಾಖಲಾಗುತ್ತದೆ, ಅಥವಾ ಇರುವುದಕ್ಕಿಂತ ಹೆಚ್ಚಾಗಿ ದಾಖಲಾಗುತ್ತದೆ. ಯಂತ್ರದಲ್ಲಿ ಮೈನಸ್ 1.50 ತೋರಿಸಿದ ಕಣ್ಣು ಹನಿಮದ್ದು ಹಾಕಿ ನೋಡಿದಾಗ ಪ್ಲಸ್ 0.50 ಆಗಿರುವುದೂ ಉಂಟು. ಅಂತಹ ಮಗುವಿಗೆ ಮೈನಸ್ ಕನ್ನಡಕ ಹಾಕಿಸಿದಲ್ಲಿ ಅದು ಸ್ಪಷ್ಟವಾಗಿಯೇ ಕಾಣುತ್ತದೆ ಎನ್ನಬಹುದು, ಏಕೆಂದರೆ ಹೆಚ್ಚುವರಿ ಮೈನಸ್ಸನ್ನೂ ಮಗುವಿನ ಕಣ್ಣು ಹೊಂದಿಸಿಕೊಳ್ಳಬಲ್ಲದು. ಆದರೆ ದಿನವಿಡೀ ಅನಗತ್ಯವಾಗಿ ಶ್ರಮಿಸುವ ಕಣ್ಣಿಗೆ ತಲೆನೋವು, ಆಯಾಸ ತಪ್ಪುವುದಿಲ್ಲ. ಈ ಕಾರಣದಿಂದ, ಹನಿಮದ್ದಿಲ್ಲದೆ ಮಾಡಿದ ಕಂಪ್ಯೂಟರ್ ಪರೀಕ್ಷೆಯ ಚೀಟಿಯೊಂದನ್ನೇ ಆಧರಿಸಿ ಎಳೆಯ ಮಗುವಿಗೆ ಮೊದಲ ಕನ್ನಡಕವನ್ನು ಮಾಡಿಸತಕ್ಕದ್ದಲ್ಲ.

ಮಸೂರದ ಈ ಹೊಂದಾಣಿಕೆಯನ್ನು ತಾತ್ಕಾಲಿಕವಾಗಿ ಸಡಿಲಿಸಲು ಸೈಕ್ಲೋಪೆಂಟೋಲೇಟ್ ಅಥವಾ ಹೋಮಾಟ್ರೊಪಿನ್ ಹನಿಗಳನ್ನು, ಇನ್ನೂ ಚಿಕ್ಕ ಮಕ್ಕಳಲ್ಲಿ ಅಟ್ರೊಪಿನ್ ಮುಲಾಮನ್ನು ಬಳಸಲಾಗುತ್ತದೆ. ಹನಿಗಳನ್ನು ಆಸ್ಪತ್ರೆಯಲ್ಲೇ ಹಾಕಿ ಅದೇ ದಿನ ಪರೀಕ್ಷಿಸುತ್ತಾರೆ. ಮುಲಾಮನ್ನು ಸಾಮಾನ್ಯವಾಗಿ ಪರೀಕ್ಷೆಗೆ ಮುಂಚೆ ಮೂರು ದಿನ ಮನೆಯಲ್ಲಿ ಹಚ್ಚಲು ತಿಳಿಸುತ್ತಾರೆ. ಅಕ್ಕಿಕಾಳಿನಷ್ಟು ಮುಲಾಮು ಸಾಕು. ಹಚ್ಚಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದು ನಿಮಿಷ ಮೃದುವಾಗಿ ಒತ್ತಿ ಹಿಡಿದು, ಹೊರಗೆ ಉಳಿದುದನ್ನು ಒರೆಸಿ, ಕೈ ತೊಳೆಯಬೇಕು. ಅಟ್ರೊಪಿನ್ ಬಾಯಿಗೆ ಹೋದರೆ ವಿಷಕಾರಿಯಾದುದರಿಂದ ಟ್ಯೂಬನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮುಖ ಕೆಂಪಾಗುವುದು, ಜ್ವರ, ಬಾಯಿ ಒಣಗುವುದು, ಎದೆ ಬಡಿತ ಹೆಚ್ಚುವುದು, ಮಗು ಅಸಹಜವಾಗಿ ವರ್ತಿಸುವುದು ಕಂಡುಬಂದಲ್ಲಿ ಔಷಧಿಯನ್ನು ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಮಗುವಿಗೆ ಹೃದಯದ ತೊಂದರೆ ಅಥವಾ ಮೂರ್ಛೆ ರೋಗವಿದ್ದಲ್ಲಿ ಮೊದಲೇ ತಿಳಿಸತಕ್ಕದ್ದು.

ಔಷಧಿಯ ಪ್ರಭಾವವಿರುವವರೆಗೆ ಹತ್ತಿರದ ಅಕ್ಷರಗಳು ಕಾಣುವುದಿಲ್ಲ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಸೈಕ್ಲೋಪೆಂಟೋಲೇಟ್‌ನ ಪ್ರಭಾವ ಸುಮಾರು ಒಂದು ದಿನ ಇರುತ್ತದೆ. ಅಟ್ರೊಪಿನ್‌ನ ಪ್ರಭಾವ ಹತ್ತು ದಿನಗಳಿಂದ ಎರಡು ವಾರಗಳವರೆಗೂ ಇರಬಹುದು. ಇದರಿಂದ ಗಾಬರಿಗೊಂಡು, ಆಸ್ಪತ್ರೆಯವರು ಮಗುವಿನ ಕಣ್ಣು ಕೆಡಿಸಿದರೆಂದು ಭಾವಿಸಿ ಮುಂದಿನ ಭೇಟಿಗೆ ಬಾರದ ಪೋಷಕರಿದ್ದಾರೆ. ಪಾಪೆ ಮೊದಲಿನ ಸ್ಥಿತಿಗೆ ಬಂದ ನಂತರ ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ಅಂತಿಮ ನಂಬರನ್ನು ಬರೆಯುವ ಪದ್ಧತಿ ಇರುವುದರಿಂದ ಆ ಭೇಟಿಯನ್ನು ತಪ್ಪಿಸಬಾರದು. ಪರೀಕ್ಷೆ ಮತ್ತು ಶಾಲೆಯ ಕಿರುಪರೀಕ್ಷೆ ಒಂದೇ ವಾರ ಬಾರದಂತೆ ನೋಡಿಕೊಂಡರೆ ಮಗುವಿಗೂ ನೆಮ್ಮದಿ.

ಅಕ್ಷರ ಬಾರದ ಮಗುವನ್ನು ಪರೀಕ್ಷಿಸಲಾಗದು ಎಂಬ ನಂಬಿಕೆಯಲ್ಲಿ ಹುರುಳಿಲ್ಲ. ಟಾರ್ಚಿನಂತಹ ಉಪಕರಣದಿಂದ ಕಣ್ಣಿನೊಳಕ್ಕೆ ಬೆಳಕು ಹಾಯಿಸಿ, ಅದರ ಪ್ರತಿಫಲನದ ಚಲನೆಯನ್ನು ಮಸೂರಗಳ ಮೂಲಕ ಗಮನಿಸುವ ರೆಟಿನೋಸ್ಕೋಪಿ ಪರೀಕ್ಷೆಗೆ ಮಗುವಿನ ಉತ್ತರವೇ ಬೇಕಾಗಿಲ್ಲ. ದೃಷ್ಟಿ ಅಳೆಯಲು ಚಿತ್ರಗಳ ಫಲಕ ಮತ್ತು ಇಂಗ್ಲಿಷಿನ 'ಇ' ಅಕ್ಷರದ ಬಾಯಿ ಯಾವ ಕಡೆಗಿದೆ ಎಂದು ಕೈಯಿಂದ ತೋರಿಸುವ ಫಲಕ ಬಳಕೆಯಲ್ಲಿವೆ. ಈ ಆಟವನ್ನು ಮನೆಯಲ್ಲಿ ಒಂದೆರಡು ದಿನ ಅಭ್ಯಾಸ ಮಾಡಿಸಿ ಕರೆತಂದರೆ ಪರೀಕ್ಷೆ ಬೇಗ ಮುಗಿಯುತ್ತದೆ.

ಎಷ್ಟು ನಂಬರ್‌ಗೆ ಕನ್ನಡಕ

ಅಮೆರಿಕನ್ ಅಕಾಡೆಮಿ ಆಫ್ ಆಪ್ತಾಲ್ಮಾಲಜಿ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, ಎರಡೂ ಕಣ್ಣುಗಳಲ್ಲಿ ದೋಷ ಸಮನಾಗಿದ್ದಾಗ, ಒಂದು ವರ್ಷದೊಳಗಿನ ಶಿಶುವಿಗೆ ಮೈನಸ್ 5.00, ಒಂದರಿಂದ ಎರಡು ವರ್ಷದೊಳಗೆ ಮೈನಸ್ 4.00, ಎರಡರಿಂದ ಮೂರು ವರ್ಷದೊಳಗೆ ಮೈನಸ್ 3.00, ಮೂರರಿಂದ ನಾಲ್ಕು ವರ್ಷದೊಳಗೆ ಮೈನಸ್ 2.50 ಅಥವಾ ಅದಕ್ಕೂ ಹೆಚ್ಚಿದ್ದಲ್ಲಿ ಕನ್ನಡಕವನ್ನು ಪರಿಗಣಿಸಲಾಗುತ್ತದೆ. ಈ ಅಂಕಿಗಳು ತಜ್ಞರ ಒಮ್ಮತದ ಅನುಭವವನ್ನು ಆಧರಿಸಿದವೇ ಹೊರತು ಅಳತೆಗೋಲಿನಂತೆ ಬಿಗಿಯಾದ ಗೆರೆಗಳಲ್ಲ. ವಯಸ್ಸು ಹೆಚ್ಚಿದಂತೆ ಮಿತಿ ಇಳಿಯುತ್ತಾ ಬರುವುದನ್ನು ಪೋಷಕರು ಗಮನಿಸಬಹುದು.

ಅಂಗನವಾಡಿ ಅಥವಾ ಶಿಶುವಿಹಾರಕ್ಕೆ ಹೋಗುವ ನಾಲ್ಕೈದು ವರ್ಷದ ಮಗುವಿನಲ್ಲಿ ಮೈನಸ್ 0.50, 0.75ರಷ್ಟು ಸಮನಾದ ದೋಷವಿದ್ದು ಬೇರಾವ ತೊಂದರೆಯೂ ಇಲ್ಲದಿದ್ದಲ್ಲಿ, ಕನ್ನಡಕ ಕೊಡದೆ ಆರು ತಿಂಗಳ ನಂತರ ಪುನಃ ಪರೀಕ್ಷಿಸುವುದು ರೂಢಿಯಲ್ಲಿದೆ. ಮೈನಸ್ 1.00ರಿಂದ 1.50ರ ನಡುವೆ ವೈದ್ಯರ ಅಭಿಪ್ರಾಯಗಳು ಭಿನ್ನವಾಗಿರಬಹುದು. ಇಲ್ಲಿ ಮಗುವಿನ ವರ್ತನೆ, ಮನೆಯವರ ವಿವರಣೆ ಮತ್ತು ಫಲಕದ ಮೇಲಿನ ದೃಷ್ಟಿ ಇವೇ ನಿರ್ಣಾಯಕ. ಒಂದನೆಯ ತರಗತಿ ಸೇರಿದ ನಂತರ ಲೆಕ್ಕಾಚಾರ ಬದಲಾಗುತ್ತದೆ. ಹಲಗೆಯ ಬರಹ ಕಾಣದ ಮಗುವಿಗೆ ಮೈನಸ್ 0.75 ಇದ್ದರೂ ಕನ್ನಡಕ ನೀಡುವುದು ನ್ಯಾಯವಾದ ಕ್ರಮ. ಮೈನಸ್ 0.50 ಮಾತ್ರ ಇದ್ದು, ಮಗು ಆರು ಮೀಟರ್ ಫಲಕದಲ್ಲಿ 6/9 ಸಾಲನ್ನು ತಡವರಿಸದೆ ಓದಿ, ತರಗತಿಯಲ್ಲಿ ತೊಂದರೆ ಇಲ್ಲವೆಂದಾದರೆ ಕಾಯಬಹುದು.

ದೃಷ್ಟಿಯ ಅಳತೆಯನ್ನೂ ವಯಸ್ಸಿಗೆ ತಕ್ಕಂತೆ ಓದಬೇಕು. ನಾಲ್ಕು ವರ್ಷದ ಮಗು 6/12 ಸಾಲಿನವರೆಗೆ ಓದಿದರೆ ಅದು ಆ ವಯಸ್ಸಿಗೆ ಸಹಜವಾಗಿರಬಹುದು. ಎಂಟು ವರ್ಷದ ಮಗು ಅಲ್ಲಿಗೇ ನಿಂತರೆ ಸಹಜವಲ್ಲ.

ಕಾಯಬಾರದ ಸಂದರ್ಭಗಳು

ಮೇಲೆ ಹೇಳಿದ ಸಾವಧಾನವೆಲ್ಲ ಎರಡೂ ಕಣ್ಣುಗಳು ಸಮನಾಗಿರುವ ಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ. ಒಂದು ಕಣ್ಣು ಸರಿಯಿದ್ದು ಇನ್ನೊಂದರಲ್ಲಿ ಮೈನಸ್ 3.00 ಇರುವ ಆರು ವರ್ಷದ ಮಗುವನ್ನು ಪರಿಗಣಿಸಬಹುದು. ಅದು ಓದುತ್ತದೆ, ಆಡುತ್ತದೆ, ದೂರದ ಬಸ್ಸಿನ ಫಲಕವನ್ನೂ ಓದಿ ಹೇಳುತ್ತದೆ. ಎಲ್ಲವನ್ನೂ ಒಳ್ಳೆಯ ಕಣ್ಣಿನಿಂದಲೇ ಮಾಡುತ್ತಿರುತ್ತದೆ. ಮನೆಯಲ್ಲಿ ಯಾರಿಗೂ ಸಂಶಯ ಬರುವುದಿಲ್ಲ, ಮಗುವಿಗಂತೂ ತನಗೆ ದೋಷವಿದೆ ಎಂಬುದೇ ತಿಳಿಯದು. ಮಿದುಳು ಮಸುಕಾದ ಕಣ್ಣಿನ ಬಿಂಬವನ್ನು ಕಡೆಗಣಿಸುತ್ತಾ ಹೋದಂತೆ ಆ ಕಣ್ಣು ಸೋಮಾರಿ ಕಣ್ಣಾಗುವ ಸಂಭವವಿದೆ. ಚಿಕ್ಕ ವಯಸ್ಸಿನಲ್ಲಿ ಕನ್ನಡಕ ಮತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುವ ಚಿಕಿತ್ಸೆಯಿಂದ ಇದು ಸುಧಾರಿಸುತ್ತದೆ; ತಡವಾದಷ್ಟೂ ಫಲ ಕಡಿಮೆ. ಆದ್ದರಿಂದ ಪೋಷಕರು ಮನೆಯಲ್ಲಿ ಆಗಾಗ್ಗೆ ಮಗುವಿನ ಒಂದೊಂದೇ ಕಣ್ಣನ್ನು ಅಂಗೈಯಿಂದ ಪೂರ್ಣವಾಗಿ ಮುಚ್ಚಿ, ಗೋಡೆಯ ಕ್ಯಾಲೆಂಡರ್‌ನ ಅಂಕಿ ಅಥವಾ ಚಿತ್ರವನ್ನು ಗುರುತಿಸಲು ಹೇಳಿ ನೋಡಬೇಕು. ಒಂದು ಕಣ್ಣನ್ನು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಮಗು ಕೈಯನ್ನು ತಳ್ಳಿದರೆ ಅಥವಾ ಅತ್ತರೆ ತಪ್ಪದೆ ತಪಾಸಣೆ ಮಾಡಿಸತಕ್ಕದ್ದು.

ದೂರ ನೋಡುವಾಗ, ದಣಿದಾಗ ಅಥವಾ ಹಗಲುಗನಸಿನಲ್ಲಿದ್ದಾಗ ಒಂದು ಕಣ್ಣು ಹೊರಕ್ಕೆ ಸರಿಯುವ ಮಾಲುಗಣ್ಣು ಇರುವ ಮಕ್ಕಳಲ್ಲಿ, ಅಲ್ಪ ಮೈನಸ್ಸನ್ನು ಸರಿಪಡಿಸಿದರೂ ಕಣ್ಣುಗಳ ಹಿಡಿತ ಉತ್ತಮಗೊಳ್ಳುತ್ತದೆ. ಬಿಸಿಲಿನಲ್ಲಿ ಮಗು ಒಂದೇ ಕಣ್ಣನ್ನು ಮುಚ್ಚಿಕೊಳ್ಳುವುದು ಇದರ ಒಂದು ಸೂಚನೆ. ಮೈನಸ್ ಜೊತೆಗೆ ಅಸ್ಟಿಗ್ಮ್ಯಾಟಿಸಂ ಇದ್ದಲ್ಲಿ (ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುವುದು ಇದನ್ನೇ) ಹತ್ತಿರದ ನೋಟವೂ ಅಸ್ಪಷ್ಟವಾಗುವುದರಿಂದ ಕನ್ನಡಕದ ಅಗತ್ಯ ಹೆಚ್ಚು. ಅವಧಿಗೆ ಮುಂಚೆ ಜನಿಸಿ ಅಕ್ಷಿಪಟಲದ ಚಿಕಿತ್ಸೆ ಪಡೆದ ಮಕ್ಕಳು, ತಂದೆತಾಯಿಗಳಲ್ಲಿ ಒಬ್ಬರಿಗೆ ಅತಿ ಹೆಚ್ಚಿನ ಮೈನಸ್ ಇರುವ ಮಕ್ಕಳು, ಮೂರು ವರ್ಷಕ್ಕೆ ಮೊದಲೇ ಗಣನೀಯ ಮೈನಸ್ ಕಂಡುಬಂದ ಮಕ್ಕಳು ನೇತ್ರ ತಜ್ಞರ ನಿಯಮಿತ ನಿಗಾದಲ್ಲಿರಬೇಕು.

ಕಣ್ಣಿನ ಪಾಪೆ ಬೆಳ್ಳಗೆ ಅಥವಾ ಬೆಕ್ಕಿನ ಕಣ್ಣಿನಂತೆ ಹೊಳೆಯುವುದು, ಕಣ್ಣು ಸತತವಾಗಿ ಕುಣಿಯುವುದು, ಹಠಾತ್ತನೆ ಮಾಲುಗಣ್ಣು ಬರುವುದು, ದೃಷ್ಟಿ ದಿಢೀರನೆ ಕುಂದುವುದು ಇವು ಕನ್ನಡಕದ ಪ್ರಶ್ನೆಗಳಲ್ಲ. ವಿಳಂಬ ಮಾಡದೆ ನೇತ್ರ ತಜ್ಞರಿರುವ ಆಸ್ಪತ್ರೆಗೆ ಹೋಗಬೇಕು.

ರೂಢಿಯಲ್ಲಿರುವ ತಪ್ಪು ತಿಳಿವಳಿಕೆಗಳು

ಕನ್ನಡಕ ಹಾಕಿದರೆ ಕಣ್ಣು ಅದಕ್ಕೇ ಒಗ್ಗಿ ನಂಬರ್ ಏರುತ್ತದೆ ಎಂಬುದು ಬಹು ವ್ಯಾಪಕವಾದ ನಂಬಿಕೆ. ಏಳರಿಂದ ಹದಿನೈದು ವರ್ಷದವರೆಗೆ ಕಣ್ಣು ಬೆಳೆಯುವ ಕಾಲದಲ್ಲಿ ಕನ್ನಡಕ ಹಾಕಿದರೂ ಹಾಕದಿದ್ದರೂ ನಂಬರ್ ಏರುವುದು ಸಾಮಾನ್ಯ. ಏರಿಕೆಯ ಹೊತ್ತಿಗೆ ಮುಖದ ಮೇಲೆ ಕನ್ನಡಕ ಇರುವುದರಿಂದ ಅಪವಾದ ಅದಕ್ಕೆ ಬರುತ್ತದೆ. ಬೇಕಾದುದಕ್ಕಿಂತ ಕಡಿಮೆ ನಂಬರಿನ ಕನ್ನಡಕ ಕೊಟ್ಟರೆ ಏರಿಕೆ ತಗ್ಗುತ್ತದೆಂಬ ಎಣಿಕೆ ಒಂದು ಕಾಲದಲ್ಲಿ ವೈದ್ಯರಲ್ಲೂ ಇತ್ತು. ಮಲೇಷ್ಯಾದಲ್ಲಿ 94 ಮಕ್ಕಳನ್ನು ಎರಡು ಗುಂಪುಗಳನ್ನಾಗಿ ಮಾಡಿ ನಡೆಸಿದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಡಿಮೆ ನಂಬರ್ ಪಡೆದ ಗುಂಪಿನಲ್ಲಿಯೇ ದೋಷ ಹೆಚ್ಚು ವೇಗವಾಗಿ ಏರಿತು. ಆದ್ದರಿಂದ ಸಮೀಪದೃಷ್ಟಿಗೆ ಕನ್ನಡಕ ಕೊಡುವುದಾದರೆ ಪೂರ್ಣ ನಂಬರ್ ಕೊಡುವುದು ಇಂದಿನ ಕ್ರಮ. ಕ್ಯಾರೆಟ್, ಸೊಪ್ಪು, ಪರಂಗಿಹಣ್ಣು ಮಗುವಿನ ಆರೋಗ್ಯಕ್ಕೆ ಅಗತ್ಯ, ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗುರುಡನ್ನು ತಡೆಯುತ್ತವೆ. ಅವು ಮೈನಸ್ ನಂಬರನ್ನು ಇಳಿಸುವುದಿಲ್ಲ. ಜೇನುತುಪ್ಪ, ಹರಳೆಣ್ಣೆ, ಎದೆಹಾಲು ಇವುಗಳನ್ನು ಕಣ್ಣಿಗೆ ಬಿಡುವುದು ಸೋಂಕಿಗೆ ಆಹ್ವಾನ.

ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ಮುಂದೆ ಮದುವೆಗೆ ತೊಡಕಾದೀತೆಂಬ ಅಂಜಿಕೆಯಿಂದ ಚೀಟಿಯನ್ನು ಮಡಿಚಿಟ್ಟುಬಿಡುವ ಕುಟುಂಬಗಳು ಇಂದಿಗೂ ಇವೆ. ಹಲಗೆ ಕಾಣದ ಹುಡುಗಿ ದಡ್ಡಿ ಎನಿಸಿಕೊಂಡು ಶಾಲೆಯಿಂದ ಹಿಂದೆ ಬೀಳುವುದು ಅದಕ್ಕಿಂತ ದೊಡ್ಡ ನಷ್ಟ. ಅದು ನಡೆಯುವುದು ಹದಿನೈದು ವರ್ಷಗಳ ನಂತರವಲ್ಲ, ಈ ವರ್ಷವೇ.

ದೋಷ ಏರದಂತೆ ಮಾಡಬಹುದಾದುದು

ಎಳೆಯ ವಯಸ್ಸಿನಲ್ಲೇ ಆರಂಭವಾದ ಸಮೀಪದೃಷ್ಟಿಗೆ ಏರಲು ಹೆಚ್ಚು ವರ್ಷಗಳು ಉಳಿದಿರುತ್ತವೆ. ಮೈನಸ್ 6.00 ದಾಟಿದ ಕಣ್ಣಿನಲ್ಲಿ ಅಕ್ಷಿಪಟಲ ಕಳಚುವಿಕೆ, ಗ್ಲಾಕೋಮಾ ಮುಂತಾದ ಅಪಾಯಗಳು ಹೆಚ್ಚು. ಆದ್ದರಿಂದ ಆರು ವರ್ಷದಲ್ಲಿ ಕಂಡ ಮೈನಸ್ 1.00ಕ್ಕೆ ಇಂದು ಕನ್ನಡಕ ಬೇಡವೆಂದಾದರೂ, ಅದನ್ನು ಮರೆತುಬಿಡುವಂತಿಲ್ಲ.

ಮಕ್ಕಳು ಹೊರಾಂಗಣದಲ್ಲಿ, ಹಗಲಿನ ಬೆಳಕಿನಲ್ಲಿ ಕಳೆಯುವ ಸಮಯವು ಸಮೀಪದೃಷ್ಟಿಯ ಆರಂಭವನ್ನು ತಡೆಯಲು ಅಥವಾ ಮುಂದೂಡಲು ನೆರವಾಗುತ್ತದೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಶಾಲಾ ದಿನಗಳಲ್ಲಿ 40 ನಿಮಿಷಗಳ ಹೆಚ್ಚುವರಿ ಹೊರಾಂಗಣ ಅವಧಿ ನೀಡಿ ಮೂರು ವರ್ಷ ಗಮನಿಸಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಮಕ್ಕಳಲ್ಲಿ ಶೇಕಡ 30.4ರಷ್ಟು, ಉಳಿದವರಲ್ಲಿ ಶೇಕಡ 39.5ರಷ್ಟು ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ದಿನಕ್ಕೆ ಎರಡು ಗಂಟೆ ಹೊರಗಿರುವುದು ಒಳ್ಳೆಯದೆಂಬುದು ಸಾಮಾನ್ಯ ಸಲಹೆ. ಆಟವೇ ಆಗಬೇಕೆಂದಿಲ್ಲ, ಶಾಲೆಗೆ ನಡೆದು ಹೋಗುವುದು, ಅಂಗಳದಲ್ಲಿ ಕುಳಿತು ಮಾತನಾಡುವುದು, ಮರದ ನೆರಳಿನಲ್ಲಿರುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆರು ವರ್ಷದ ಮಗುವಿನಲ್ಲಿ ಹನಿಮದ್ದಿನ ನಂತರ ಪ್ಲಸ್ 0.75ಕ್ಕಿಂತ ಕಡಿಮೆ ಇದ್ದಲ್ಲಿ, ಇನ್ನೂ ಮೈನಸ್ ಬಂದಿಲ್ಲವಾದರೂ ಮುಂದೆ ಬರುವ ಸಂಭವ ಹೆಚ್ಚೆಂದು ಪರಿಗಣಿಸಿ ಈ ಅಭ್ಯಾಸವನ್ನು ಆಗಲೇ ಆರಂಭಿಸುವುದು ಸೂಕ್ತ.

ಓದುವಾಗ ಪುಸ್ತಕ ಕಣ್ಣಿನಿಂದ ಒಂದು ಅಡಿಗಿಂತ ಹತ್ತಿರ ಬಾರದಂತೆ, ಅರ್ಧ ಗಂಟೆಗೊಮ್ಮೆ ಕಿಟಕಿಯಾಚೆ ದೂರ ನೋಡುವಂತೆ ರೂಢಿ ಮಾಡಿಸಬೇಕು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಮೊಬೈಲ್, ದೂರದರ್ಶನ ಎಲ್ಲ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ದೋಷ ವೇಗವಾಗಿ ಏರುತ್ತಿರುವ ಮಕ್ಕಳಿಗೆ ಅತಿ ಕಡಿಮೆ ಸಾಂದ್ರತೆಯ ಅಟ್ರೊಪಿನ್ ಹನಿಗಳನ್ನು ರಾತ್ರಿ ಮಲಗುವ ಮುನ್ನ ಹಾಕುವ ಚಿಕಿತ್ಸೆ ಇದೆ. ಹಾಂಗ್‌ಕಾಂಗ್‌ನಲ್ಲಿ 4ರಿಂದ 12 ವರ್ಷದ ಮಕ್ಕಳನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷಿಸಿದ ಮೂರು ಸಾಂದ್ರತೆಗಳ ಪೈಕಿ ಶೇಕಡ 0.05ರ ಹನಿ ಹೆಚ್ಚು ಪರಿಣಾಮಕಾರಿಯಾಗಿತ್ತು. ವಿಶೇಷ ವಿನ್ಯಾಸದ ಕನ್ನಡಕದ ಮಸೂರಗಳೂ ಇವೆ, ಬೆಲೆ ದುಬಾರಿ. ಇವು ಏರಿಕೆಯ ವೇಗವನ್ನು ತಗ್ಗಿಸುತ್ತವೆಯೇ ಹೊರತು ಇರುವ ನಂಬರನ್ನು ಅಳಿಸುವುದಿಲ್ಲ. ಒಂದೇ ಬಾರಿ ಕಂಡ ಮೈನಸ್ 0.50ಕ್ಕೆ ಇವನ್ನು ಆರಂಭಿಸುವ ಅವಸರ ಬೇಡ. ಪಾಪೆ ಹಿಗ್ಗಿಸಲು ಕೊಟ್ಟ ಶೇಕಡ 1ರ ಅಟ್ರೊಪಿನ್ ಮುಲಾಮು ಇದಕ್ಕಿಂತ ಬಹಳ ತೀಕ್ಷ್ಣವಾದುದರಿಂದ ಅದನ್ನೇ ಮುಂದುವರಿಸಿ ಬಳಸತಕ್ಕದ್ದಲ್ಲ.

ತಪಾಸಣೆ ಮತ್ತು ಉಚಿತ ಕನ್ನಡಕದ ಸೌಲಭ್ಯ

ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು 1976ರಲ್ಲಿ ಆರಂಭಗೊಂಡಿದ್ದು, 2017ರಲ್ಲಿ ಅದರ ಹೆಸರಿಗೆ ದೃಷ್ಟಿದೋಷ ನಿಯಂತ್ರಣವೂ ಸೇರಿತು. ಇದರಡಿ ಶಾಲಾ ಮಕ್ಕಳ ದೃಷ್ಟಿ ತಪಾಸಣೆ ನಡೆಸಿ, ದೋಷವಿರುವ ಮಕ್ಕಳಿಗೆ ಉಚಿತವಾಗಿ ಕನ್ನಡಕ ಒದಗಿಸಲಾಗುತ್ತದೆ. ತರಬೇತಿ ಪಡೆದ ಶಿಕ್ಷಕರು ಆರು ಮೀಟರ್ ದೂರದಿಂದ 6/9 ಫಲಕವನ್ನು ತೋರಿಸಿ, ಓದಲಾಗದ ಮಕ್ಕಳನ್ನು ನೇತ್ರಾಧಿಕಾರಿಗಳ ಪರೀಕ್ಷೆಗೆ ಕಳುಹಿಸುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡುವ ವ್ಯವಸ್ಥೆಯಿದ್ದು, ದೃಷ್ಟಿದೋಷವೂ ಅವರ ತಪಾಸಣೆಯ ಪಟ್ಟಿಯಲ್ಲಿದೆ. ರಾಜ್ಯದಲ್ಲಿ ಮನೆಮನೆ ಸಮೀಕ್ಷೆಯ ಮೂಲಕ ಕಣ್ಣಿನ ತಪಾಸಣೆ ನಡೆಸಿ ಕನ್ನಡಕ ನೀಡುವ ಆಶಾಕಿರಣ ಕಾರ್ಯಕ್ರಮಕ್ಕೆ 2023ರಲ್ಲಿ ಚಾಲನೆ ನೀಡಲಾಯಿತು.

ಶಾಲಾ ತಪಾಸಣೆಯ ದಿನ ಮಗು ಗೈರುಹಾಜರಾಗಿದ್ದಲ್ಲಿ ಮುಂದಿನ ವರ್ಷದವರೆಗೆ ಕಾಯಬೇಕಾಗಿಲ್ಲ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿ, ನೇತ್ರಾಧಿಕಾರಿಗಳು ಲಭ್ಯವಿರುವ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಪಾಪೆ ಹಿಗ್ಗಿಸುವ ಪರೀಕ್ಷೆ, ಮಾಲುಗಣ್ಣು, ಕಣ್ಣುಗಳ ನಡುವಿನ ವ್ಯತ್ಯಾಸ ಇದ್ದಲ್ಲಿ ಜಿಲ್ಲಾ ಆಸ್ಪತ್ರೆಗೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನೇತ್ರ ವಿಭಾಗಕ್ಕೆ ಕಳುಹಿಸಿಕೊಡಲಾಗುತ್ತದೆ. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಹೋಗುವಾಗ ಶಾಲಾ ತಪಾಸಣೆಯ ಚೀಟಿ, ಹಿಂದಿನ ಎಲ್ಲ ಪರೀಕ್ಷೆಗಳ ಚೀಟಿಗಳು, ಹಳೆಯ ಕನ್ನಡಕವಿದ್ದಲ್ಲಿ ಅದು (ಒಡೆದಿದ್ದರೂ ಸರಿ), ಅವಧಿಗೆ ಮುಂಚೆ ಜನಿಸಿದ ಮಗುವಾಗಿದ್ದಲ್ಲಿ ಆಸ್ಪತ್ರೆಯ ಬಿಡುಗಡೆ ಪತ್ರ ಇವನ್ನು ಕೊಂಡೊಯ್ದರೆ ವೈದ್ಯರಿಗೆ ಅನುಕೂಲ. ಹಳೆಯ ಚೀಟಿಗಳನ್ನು ಎಸೆಯಬಾರದು; ನಂಬರ್ ಏರುತ್ತಿದೆಯೇ, ಎಷ್ಟು ವೇಗವಾಗಿ ಏರುತ್ತಿದೆ ಎಂಬುದು ಅವುಗಳಿಂದಲೇ ತಿಳಿಯಬೇಕು. ತರಗತಿ ಶಿಕ್ಷಕರು ಗಮನಿಸಿದ ವಿಷಯಗಳನ್ನು ಎರಡು ಸಾಲು ಬರೆಯಿಸಿಕೊಂಡು ಹೋದರೆ ಇನ್ನೂ ಉತ್ತಮ.

ಕನ್ನಡಕ ಬರೆದುಕೊಟ್ಟ ನಂತರ

ಮಕ್ಕಳ ಕನ್ನಡಕಕ್ಕೆ ಗಾಜಿನ ಮಸೂರ ಹಾಕಿಸಬಾರದು. ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಅಥವಾ ಪ್ಲಾಸ್ಟಿಕ್ ಮಸೂರ ಇರಬೇಕು. ಚೌಕಟ್ಟು ಮೂಗಿನ ಮೇಲೆ ಜಾರದಂತೆ, ಮಗುವಿನ ಕಣ್ಣು ಮಸೂರದ ಮಧ್ಯಕ್ಕೆ ಬರುವಂತೆ ಕೂರಬೇಕು. ಬೆಳೆಯುವ ಮಗುವೆಂದು ಸಮವಸ್ತ್ರದಂತೆ ದೊಡ್ಡ ಅಳತೆಯ ಚೌಕಟ್ಟನ್ನು ಕೊಳ್ಳುವುದು ಸರಿಯಲ್ಲ. ಜಾರುವ ಕನ್ನಡಕದ ಮೇಲಿನಿಂದ ಮಗು ಇಣುಕಿ ನೋಡುತ್ತದೆ.

ಎರಡೂ ಕಣ್ಣುಗಳಲ್ಲಿ ಸಮನಾದ ಅಲ್ಪ ಸಮೀಪದೃಷ್ಟಿ ಇರುವ ಮಗುವು ತರಗತಿಯಲ್ಲಿ, ಹೊರಗೆ ಹೋಗುವಾಗ, ದೂರದರ್ಶನ ನೋಡುವಾಗ ಕನ್ನಡಕ ಧರಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಮನೆಯಲ್ಲಿ ಕನ್ನಡಕವಿಲ್ಲದೆ ಪುಸ್ತಕ ಓದಿದರೆ ಹಾನಿಯಿಲ್ಲ. ಮಾಲುಗಣ್ಣು, ಸೋಮಾರಿ ಕಣ್ಣು ಅಥವಾ ಕಣ್ಣುಗಳ ನಡುವೆ ವ್ಯತ್ಯಾಸ ಇರುವ ಮಗುವು ಮಲಗುವ ಮತ್ತು ಸ್ನಾನದ ವೇಳೆಯನ್ನು ಬಿಟ್ಟು ದಿನವಿಡೀ ಧರಿಸಬೇಕು. ಯಾವುದು ತಮ್ಮ ಮಗುವಿಗೆ ಅನ್ವಯಿಸುತ್ತದೆ ಎಂಬುದನ್ನು ಪೋಷಕರು ವೈದ್ಯರಿಂದಲೇ ಕೇಳಿ ತಿಳಿದು, ಅದನ್ನು ತರಗತಿ ಶಿಕ್ಷಕರಿಗೂ ತಿಳಿಸಬೇಕು. ಎರಡು ವಾರ ಕಳೆದರೂ ಮಗು ಕನ್ನಡಕವನ್ನು ಕಿತ್ತೆಸೆಯುತ್ತಿದ್ದಲ್ಲಿ ಅದನ್ನು ಹಠವೆಂದು ಗದರಿಸುವ ಮುನ್ನ, ಅಂಗಡಿಯಲ್ಲಿ ಮಾಡಿಕೊಟ್ಟ ಮಸೂರದ ನಂಬರ್ ಚೀಟಿಯಲ್ಲಿರುವಂತೆಯೇ ಇದೆಯೇ, ಎಡಬಲ ಅದಲುಬದಲಾಗಿದೆಯೇ ಎಂದು ನೇತ್ರಾಧಿಕಾರಿಗಳಲ್ಲಿ ಪರೀಕ್ಷಿಸಿಕೊಳ್ಳತಕ್ಕದ್ದು.

ಕನ್ನಡಕ ಪಡೆದ ಮಗುವನ್ನೂ, ಸದ್ಯಕ್ಕೆ ಬೇಡವೆಂದು ಕಳುಹಿಸಲಾದ ಮಗುವನ್ನೂ ಆರು ತಿಂಗಳಿಗೊಮ್ಮೆ ಮರುಪರೀಕ್ಷೆಗೆ ಕರೆತರಬೇಕು. ಮುಂದಿನ ಭೇಟಿಯ ದಿನಾಂಕವನ್ನು ಹೊರರೋಗಿ ಚೀಟಿಯ ಮೇಲೆ ಬರೆಯಿಸಿಕೊಳ್ಳುವುದು. ಅದಕ್ಕೆ ಮೊದಲೇ ಮಗು ದೂರದರ್ಶನದ ಹತ್ತಿರ ಹೋಗಿ ಕೂರತೊಡಗಿದರೆ, ಕಣ್ಣು ಕಿರಿದು ಮಾಡಿ ನೋಡತೊಡಗಿದರೆ ಅಥವಾ ಹಲಗೆಯ ಬರಹವನ್ನು ತಪ್ಪಾಗಿ ಬರೆದುಕೊಂಡು ಬರತೊಡಗಿದರೆ ದಿನಾಂಕಕ್ಕಾಗಿ ಕಾಯದೆ ಬರಬಹುದು.